ಅಷ್ಟಮಿಯ ನೀರು

ಗಿರಿಜಾಬಾಯಿ ಸಮುದ್ರವನ್ನು ಕಂಡವಳಲ್ಲ. ಅವಳ ಓಡಾಟವೆಲ್ಲ ಅಕ್ಕಲಕೋಟದ ತವರಿಗೂ ಸೊಲ್ಲಾಪುರದ ಗಂಡನ ಮನೆಗೂ ನಡುವಿನ ಬಸ್ಸಿನಲ್ಲೇ ಮುಗಿದುಹೋಗುತ್ತಿತ್ತು. ಆದರೂ ಸಮುದ್ರದ ನೀರು ಯಾವ ತಿಥಿಗೆ ಯಾವ ಹೊತ್ತಿನಲ್ಲಿ ಏರುತ್ತದೆ, ಯಾವ ಹೊತ್ತಿನಲ್ಲಿ ಇಳಿಯುತ್ತದೆ ಎಂಬುದನ್ನು ಅವಳು ಪರಕಾರ ತೊಡುವ ವಯಸ್ಸಿನಲ್ಲೇ ಕಲಿತಿದ್ದಳು.

ಕಲಿಸಿದವನು ಭಿಕಾಜಿ ತಾಂಡೇಲ. ಕೊಂಕಣದ ದೇವಗಡದವನು, ಸ್ವಂತ ದೋಣಿಯಿದ್ದವನು. ಸ್ವಾಮಿ ಸಮರ್ಥರ ದರ್ಶನಕ್ಕೆಂದು ಪ್ರತಿ ವರ್ಷ ಭಾದ್ರಪದದಲ್ಲಿ ಅಕ್ಕಲಕೋಟಕ್ಕೆ ಬರುತ್ತಿದ್ದ. ಬಂದರೆ ಗಿರಿಜೆಯ ತಾಯಿ ಗಂಗುಬಾಯಿಯ ಮನೆಯ ಹೊರಗಿನ ಕೋಣೆಯಲ್ಲೇ ಇಳಿದುಕೊಳ್ಳುತ್ತಿದ್ದ. ಯಾತ್ರಿಕರಿಗೆ ಕೋಣೆ ಬಿಟ್ಟುಕೊಡುವುದು ಆ ಓಣಿಯ ಎಲ್ಲರ ಮನೆಯ ರೂಢಿ. ಬಾವಿಯ ನೀರು ಬಿಟ್ಟರೆ ಬೇರೆ ನೀರು ಕಾಣದ ಹುಡುಗಿ ಅವನ ಮುಂದೆ ಕೂತು ಸಮುದ್ರದ ಸುದ್ದಿ ಕೇಳುತ್ತಿದ್ದಳು. ಅವನು ಮರಾಠಿಯಲ್ಲಿ ಹೇಳಿಕೊಟ್ಟಿದ್ದ: “ತಿಥಿಯನ್ನು ಮುಕ್ಕಾಲು ಮಾಡು, ಮಗಳೇ. ಹುಣ್ಣಿಮೆ ಅಂದರೆ ಹದಿನೈದು, ಅದರ ಮುಕ್ಕಾಲು ಹನ್ನೊಂದೂ ಕಾಲು. ಆ ಹೊತ್ತಿಗೆ ನೀರು ತುಂಬಿ ನಿಲ್ಲುತ್ತದೆ, ಅದು ಭರತಿ. ಅಷ್ಟಮಿಯ ಮುಕ್ಕಾಲು ಆರು. ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಭರತಿ. ಅವತ್ತು ನಡುಮಧ್ಯಾಹ್ನ ಹೋದರೆ ಓಹೋಟಿ, ನೀರೇ ಇರುವುದಿಲ್ಲ.”

ಮುಂದೆ ಮ್ಯಾಟ್ರಿಕ್ ಆಯಿತು, ಮದುವೆಯೂ ಆಯಿತು. ಗಂಡ ಶಾಂತಲಿಂಗಪ್ಪನದು ಸೊಲ್ಲಾಪುರದ ಚಾಟಿ ಗಲ್ಲಿಯಲ್ಲಿ ಚಾದರದ ಸಗಟು ವ್ಯಾಪಾರ, ಬಾಳಿವೇಸಿನಲ್ಲಿ ಎರಡು ಅಂತಸ್ತಿನ ಮನೆ. ಮನುಷ್ಯ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾಲ್ಕು ಜನರ ನಡುವೆ ಕೂತಾಗ ಅವನ ದನಿಗೆ ಬೇರೆಯೇ ಕಳೆ ಬರುತ್ತಿತ್ತು. ಬೆಳಿಗ್ಗೆ ಇನ್ನೊಬ್ಬರು ಹೇಳಿದ ಮಾತು ಸಂಜೆಯ ಹೊತ್ತಿಗೆ ಅವನದೇ ಆಗಿ ಹೊರಬೀಳುತ್ತಿತ್ತು. ಗಿರಿಜಾಬಾಯಿ ಇದನ್ನು ಬಂದ ವರ್ಷವೇ ಕಂಡುಕೊಂಡಿದ್ದಳು. ಮಕ್ಕಳಾಗದ ಮನೆಯಲ್ಲಿ ಗಂಡನ ಇಂಥ ಗುಣಗಳನ್ನು ದೊಡ್ಡದು ಮಾಡುತ್ತ ಕೂರುವ ಧೈರ್ಯ ಅವಳಿಗಿರಲಿಲ್ಲ.

ದೊಡ್ಡ ಬರ ಕಳೆದು ಎರಡು ವರ್ಷವಾಗಿತ್ತು. ಶ್ರಾವಣದ ಒಂದು ಸಂಜೆ ಗಂಡನ ಗೆಳೆಯರಿಬ್ಬರು ಮನೆಗೆ ಬಂದರು. ನೂಲಿನ ವ್ಯಾಪಾರಿ ಮಲಕಾಜಪ್ಪ, ಎಣ್ಣೆಗಿರಣಿಯ ರಾಚಪ್ಪ. ರಾಚಪ್ಪ ಮುಂಬಯಿಯಿಂದ ಗೋವೆಗೆ ಆಗಬೋಟು ಎನ್ನುವ ಉಗಿಹಡಗಿನಲ್ಲಿ ಹೋಗಿಬಂದ ಸುದ್ದಿಯನ್ನು ಚಹಾ ಆರುವ ತನಕ ಹೇಳಿದ. ಶಾಂತಲಿಂಗಪ್ಪನಿಗೆ ಅದು ಸಹನೆಯಾಗಲಿಲ್ಲ.

“ಆಗಬೋಟಿನ್ಯಾಗ ಕುಂತು ಯಾರ್ ಬೇಕಾದ್ರೂ ಹೋಗ್ತಾರ” ಎಂದ. “ನಾವು ನಮ್ಮದ ಮೋಟಾರ್ ಬೋಟ್ ಕಿರಾಯಿ ಹಿಡಿದು ದಂಡಿ ಹಿಡಕೊಂಡು ಹೋಗೂಣು. ಖಾಡಿಯಿಂದ ಖಾಡಿಗೆ. ಮೂರೂ ಮಂದಿ ಜೋಡಿಲೆ, ಹೆಂಡರನ್ನೂ ಕರಕೊಂಡು. ನಮ್ಮ ಮನ್ಯಾಗ ಈಕಿಗೆ ಸಮುದ್ರದ್ದೆಲ್ಲಾ ಗೊತ್ತೈತಿ.”

ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ಗಿರಿಜಾಬಾಯಿಗೆ ಮೈ ಜುಮ್ಮೆಂದಿತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಗಂಡ ಅವಳಿಗೆ ಏನಾದರೂ ಗೊತ್ತಿದೆ ಎಂದು ಇನ್ನೊಬ್ಬರ ಮುಂದೆ ಹೇಳಿದ್ದು ಅದೇ ಮೊದಲು.

ಆಮೇಲಿನ ಎರಡು ತಿಂಗಳು ಅವಳ ಬದುಕಿನಲ್ಲೇ ಬೇರೆಯಾಗಿದ್ದವು. ಭಾದ್ರಪದದಲ್ಲಿ ಭಿಕಾಜಿ ಬರುತ್ತಲೇ ಅಕ್ಕಲಕೋಟದ ಬಸ್ಸು ಹತ್ತಿದಳು. ಅವನೀಗ ದೋಣಿಗೆ ಡೀಜಲ್ ಎಂಜಿನ್ ಕೂಡಿಸಿದ್ದ. ಎಷ್ಟು ಮಂದಿ ಕೂರಬಹುದು, ತುಂಬಿದ ಬೋಟು ತೇಲಲು ಎಷ್ಟು ನೀರು ಬೇಕು, ಕುಡಿಯುವ ನೀರು ಎಲ್ಲಿ ತುಂಬಿಕೊಳ್ಳಬೇಕು, ಗಾಳಿ ಯಾವ ಹೊತ್ತಿಗೆ ಏಳುತ್ತದೆ, ಎಲ್ಲವನ್ನೂ ಕೆದಕಿ ಕೆದಕಿ ಕೇಳಿದಳು. ಅವನು ಹೇಳಿದ: “ನಡುಸಮುದ್ರಕ್ಕೆ ಯಾರೂ ಅಂಜಬೇಕಿಲ್ಲ, ಗಿರಿಜಾತಾಯಿ. ಅಂಜಬೇಕಾದ್ದು ಖಾಡಿಯ ಬಾಯಿಗೆ, ಹೊಳೆ ಬಂದು ಸಮುದ್ರ ಸೇರುವಲ್ಲಿ. ಅಲ್ಲಿ ಮರಳಿನ ದಿಬ್ಬ ನೀರಿನ ಕೆಳಗೆ ಎಮ್ಮೆಯ ಹಾಗೆ ಮಲಗಿರುತ್ತದೆ. ಭರತಿಯಲ್ಲಿ ಅದರ ಮೇಲೆ ಹಾಯಾಗಿ ದಾಟಬಹುದು. ಓಹೋಟಿಯಲ್ಲಿ ಹೋದರೆ ಬೋಟು ಅದರ ಬೆನ್ನಿಗೆ ಕೂತುಬಿಡುತ್ತದೆ. ಹಿಂದಿನಿಂದ ತೆರೆ ಬಂದು ಬಡಿಯುತ್ತದೆ.”

ಬೋಟು ಅವನದೇ, ನಡೆಸುವವನೂ ಅವನೇ ಎಂದಾಯಿತು. ಇಬ್ಬರೂ ಕೂಡಿ ಹಾದಿ ಗೊತ್ತುಮಾಡಿದರು. ಕಾರ್ತಿಕ ಹುಣ್ಣಿಮೆಯ ಮರುದಿನ ನಸುಕಿನಲ್ಲಿ ದೇವಗಡ ಬಿಡುವುದು. ದಂಡೆಗುಂಟ ತೆಂಕಣಕ್ಕೆ ಸಾಗಿ, ಮಾಲವಣಕ್ಕೆ ಈಚೆ ಇರುವ ಸಣ್ಣ ಖಾಡಿಯ ಬಾಯಿಗೆ ಮಧ್ಯಾಹ್ನದೊಳಗೆ ಮುಟ್ಟುವುದು. ಅಷ್ಟೊತ್ತಿಗೆ ನೀರು ತುಂಬಿರುತ್ತದೆ. ಒಳಗೆ ಹೋಗಿ ತೆಂಗಿನ ತೋಟದಲ್ಲಿ ವಸತಿ. ಮರುದಿನ ಮತ್ತೆ ಭರತಿ ನೋಡಿ ಹೊರಗೆ.

ಸೊಲ್ಲಾಪುರಕ್ಕೆ ಮರಳಿದ ಮೇಲೆ ಗಂಡನಿಗೂ ಗೆಳೆಯರಿಗೂ ಇದನ್ನು ತಿಳಿಸಿ ಹೇಳಬೇಕಲ್ಲ. ಹಿಟ್ಟು ನಾದುವ ದೊಡ್ಡ ಪರಾತ ತಂದು ನಡುಮನೆಯಲ್ಲಿ ಇಟ್ಟಳು. ಒಂದು ಅಂಚಿಗೆ ಜೋಳದ ಹಿಟ್ಟನ್ನು ಒತ್ತಿ ದಂಡೆ ಮಾಡಿದಳು, ನಡುವೆ ಖಾಡಿಗೆ ಬಾಯಿ ಬಿಟ್ಟಳು, ಬಾಯಿಯ ಮುಂದೆ ಹಿಟ್ಟಿನದೇ ಒಂದು ಉಬ್ಬು ಇಟ್ಟಳು. ನೀರು ಹಾಕಿ ಪರಾತವನ್ನು ಈ ಕಡೆ ಎತ್ತಿದಾಗ ಉಬ್ಬು ಮುಳುಗಿತು. ಆ ಕಡೆ ಎತ್ತಿದಾಗ ಬೋಳಾಗಿ ಎದ್ದು ನಿಂತಿತು. ಬೆಂಡಿನ ಚೂರೊಂದನ್ನು ತೇಲಿಬಿಟ್ಟು ಹೇಗೆ ದಾಟುತ್ತದೆ, ಹೇಗೆ ಸಿಗಬೀಳುತ್ತದೆ ತೋರಿಸಿದಳು.

ಮಲಕಾಜಪ್ಪ ಬಗ್ಗಿ ನೋಡುತ್ತ, “ವೈನಿ, ನೀವು ಸಾಲಿ ಮಾಸ್ತರ ಆಗಬೇಕಿತ್ರಿ” ಎಂದು ನಕ್ಕ.

ಎಂಟು ದಿನದಲ್ಲಿ ಪರಾತದ ಕಥೆ ಚಾಟಿ ಗಲ್ಲಿಯ ತುಂಬ ಹಬ್ಬಿತು. ಹೇಳುತ್ತಿದ್ದವನು ಶಾಂತಲಿಂಗಪ್ಪ. ಅವನ ಕಥೆಯಲ್ಲಿ ಹಿಟ್ಟು ಒತ್ತಿದವನೂ ನೀರು ಹಾಕಿದವನೂ ಅವನೇ. ನೆರೆಮನೆಯ ರತ್ನಾಬಾಯಿ ಬಂದು ಹೇಳಿದಾಗ ಗಿರಿಜಾಬಾಯಿ ನಕ್ಕುಬಿಟ್ಟಳು. ಯಾರ ಹೆಸರಾದರೂ ಆಗಲಿ, ಸಮುದ್ರವನ್ನು ತಾನು ಕಣ್ಣಾರೆ ನೋಡುತ್ತೇನಲ್ಲ, ಅಷ್ಟು ಸಾಕು ಎನ್ನಿಸಿತ್ತು.

ಆ ಅಷ್ಟೂ ದಕ್ಕಲಿಲ್ಲ. ದೀಪಾವಳಿಯ ಫರಾಳ ತಿನ್ನುತ್ತ ಗಂಡ, “ಹೆಂಗಸರು ಬ್ಯಾಡ ಅಂತ ಠರಾವ ಆತು ನೋಡು” ಎಂದ. ಪೇಟೆಯಲ್ಲಿ ಯಾರದೋ ಮಾಲು ಬೇಡವಾಯಿತು ಎನ್ನುವಂತೆ ಹೇಳಿದ.

“ಯಾರ್ ಮಾಡಿದ್ರು ಠರಾವ?”

“ಎಲ್ಲಾರೂ. ಬೋಟಿನ್ಯಾಗ ನಿಮಗ ಅನುಕೂಲ ಎಲ್ಲೈತಿ? ವಾಂತಿ ಮಾಡ್ಕೋತ ಕುಂತ್ರ ನಿಮ್ಮನ್ನ ಹಿಡಕೊಳ್ಳಾವ್ರ್ಯಾರು? ನಿನ್ನ ತಮ್ಮ ನಾಗಣ್ಣನ್ನ ಕರಕೊಂಡು ಹೊಂಟೀನಿ. ಎಂಜಿನ್ ಕೆಲಸ ಕಲ್ತಾನ, ಹುಡುಗ ಹೊರಗಿನ ಲೋಕ ನೋಡ್ಲಿ.”

ತಮ್ಮನ ಹೆಸರು ಎತ್ತಿದ ಮೇಲೆ ಅವಳು ತನ್ನ ಜಾಗ ಬಿಟ್ಟುಕೊಟ್ಟಳು. ನಾಗಣ್ಣ ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅವಳ ಸೊಂಟದ ಮೇಲೆಯೇ ಬೆಳೆದವನು. ಐಟಿಐ ಮುಗಿಸಿ ಕೆಲಸವಿಲ್ಲದೆ ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಹೊತ್ತು ಕಳೆಯುತ್ತಿದ್ದ. ಅಕ್ಕನ ಗಂಡನನ್ನು ‘ದಾಜಿ’ ಎನ್ನುತ್ತ ಅವನ ಕಣ್ಸನ್ನೆಗೆ ಕಾಯುತ್ತಿದ್ದ.

ಆಮೇಲೆ ದಿನವೂ ಬದಲಾಯಿತು. ಹುಣ್ಣಿಮೆಯ ವಾರ ಮುಂಬಯಿಯ ದೊಡ್ಡ ಗಿರಾಕಿ ಬರುವವನಿದ್ದ. ಶಾಂತಲಿಂಗಪ್ಪ ಪ್ರಯಾಣವನ್ನು ಒಂದು ವಾರ ಮುಂದೆ ಹಾಕಿದ. ಗಿರಿಜಾಬಾಯಿ ಪಂಚಾಂಗ ತೆಗೆದು ನೋಡಿದಳು. ಖಾಡಿ ಮುಟ್ಟುವ ದಿನ ಅಷ್ಟಮಿ ಬಿದ್ದಿತ್ತು.

ಆ ದಿನದಿಂದ ಹೊರಡುವ ಗಳಿಗೆಯವರೆಗೂ ಅವಳು ಅದನ್ನೇ ಹೇಳಿದಳು. ಊಟಕ್ಕೆ ಬಡಿಸುವಾಗ ಹೇಳಿದಳು, ಅಂಗಿಯ ಗುಂಡಿ ಹಚ್ಚುವಾಗ ಹೇಳಿದಳು. ಹೊರಡುವ ಮುಂಜಾನೆ ಗೆಳೆಯರಿಬ್ಬರೂ ಬೀದಿಯಲ್ಲಿ ಕಾರಿನೊಳಗೆ ಕೂತಿದ್ದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುಟ್ಟಿ ಹಿಡಿದು ನಾಗಣ್ಣ ಪಡಸಾಲೆಯಲ್ಲಿ ನಿಂತಿದ್ದ. ಅವನ ಎದುರಿಗೇ ಗಂಡನನ್ನು ತಡೆದಳು.

“ಕೇಳ್ರಿಲ್ಲೆ. ಅಷ್ಟಮಿ ಮಧ್ಯಾಹ್ನ ಖಾಡಿ ಬಾಯಾಗ ನೀರಿರೂದಿಲ್ಲ. ಸಂಜಿ ಆರರ ತನಕಾ ಹೊರಗ ಲಂಗರ ಹಾಕಿ ಕುಂದರ್ರಿ. ಹಸಿವಾದ್ರ ಬುಟ್ಟ್ಯಾಗ ರೊಟ್ಟಿ ಅದಾವು. ಭರತಿ ಬಂದ ಮ್ಯಾಲೇ ಒಳಗ ಹೋಗ್ರಿ.”

“ಆತು ಆತು” ಎಂದು ಅವನು ಚಪ್ಪಲಿ ಮೆಟ್ಟಿದ.

“ನಾಗ್ಯಾ, ನೀನರೆ ನೆನಪ ಇಟ್ಕೋ.”

“ಹೂಂ ಅಕ್ಕಾ” ಎಂದು ನಾಗಣ್ಣ ನಕ್ಕ. ಅವನ ಮನಸ್ಸು ಆಗಲೇ ಕಾರಿನಲ್ಲಿತ್ತು.

ಮೂರನೆಯ ದಿನ ಅಂಗಡಿಗೆ ಟ್ರಂಕ್ ಕಾಲ್ ಬಂತು. ಬೋಟು ದಿಬ್ಬಕ್ಕೆ ಸಿಗಬಿದ್ದಿತ್ತು. ನೂಕಲೆಂದು ನೀರಿಗಿಳಿದ ನಾಗಣ್ಣನ ಮೇಲೆ ತೆರೆಯೊಂದು ಬೋಟನ್ನು ಎತ್ತಿ ಕುಕ್ಕಿತ್ತು. ಬಲ ತೊಡೆಯ ಎಲುಬು ಎರಡು ಕಡೆ ಮುರಿದಿತ್ತು, ಮೊಳಕಾಲು ಚೂರಾಗಿತ್ತು. ಉಳಿದವರಿಗೆ ಬಟ್ಟೆ ತೊಯ್ದಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಸೊಲ್ಲಾಪುರದ ದವಾಖಾನೆಗೆ ತಂದು ಮಲಗಿಸಿದಾಗ ನಾಗಣ್ಣನ ಮುಖ ಬಿಳಿಚಿಕೊಂಡಿತ್ತು. ಕಾಲು ಉಳಿದರೂ ಗಿಡ್ಡಾಗುತ್ತದೆ, ಮಡಚಲು ಬರುವುದಿಲ್ಲ ಎಂದರು ಡಾಕ್ಟರು. ಅಕ್ಕಲಕೋಟದಿಂದ ಗಂಗುಬಾಯಿ, ನಾಗಣಸೂರಿನಿಂದ ಸೋದರಮಾವ ಚನ್ನವೀರಪ್ಪ ಬಂದರು. ಹಾಸಿಗೆಯ ಸುತ್ತ ನಿಂತು ಎಲ್ಲರೂ ಒಂದೇ ಮಾತು ಕೇಳಿದರು: ಇದು ಹೆಂಗಾತು?

ಶಾಂತಲಿಂಗಪ್ಪ ತಲೆ ತಗ್ಗಿಸಿ, ದನಿ ಇಳಿಸಿ ಹೇಳಿದ: “ನಮಗೇನ್ರಿ ಗೊತ್ತು ಸಮುದ್ರದ್ದು. ತಿಥಿ, ಹೊತ್ತು, ಹಾದಿ ಎಲ್ಲಾ ಈಕೀನ ನೋಡಿ ಹೇಳಿದ್ದು. ಬೇಕಾದ್ರ ಮಲಕಾಜಪ್ಪನ್ನ ಕೇಳ್ರಿ, ಪರಾತದಾಗ ನೀರ್ ಹಾಕಿ ತೋರ್ಸಿದ್ಳು. ಈಕೀ ಮಾತು ನಂಬಿ ಹ್ವಾದಿವಿ.”

ಎರಡು ತಿಂಗಳು ತನ್ನದೆಂದು ಊರಿಗೆಲ್ಲ ಹೇಳಿದ್ದನ್ನು ಅವನು ಅವಳಿಗೆ ತಿರುಗಿ ಕೊಟ್ಟಿದ್ದು ಹಾಗೆ. ಗಿರಿಜಾಬಾಯಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಗಂಡನ ಕಡೆ ತಿರುಗಿದಳು.

“ನಾ ಹೇಳಿದ್ದು ಹುಣ್ಣಿವಿ ಮರುದಿನ. ಅಷ್ಟಮಿಗೆ ಒಯ್ದವ್ರು ನೀವು. ಸಂಜೀತನಕಾ ನಿಲ್ರಿ ಅಂತ ಹೇಳಿರಲಿಲ್ಲೇನು? ನಾಗ್ಯಾನ ಮುಂದ ಹೇಳೀನಿ. ನಾಗ್ಯಾ, ಹೇಳೋ.”

ಎಲ್ಲರೂ ನಾಗಣ್ಣನ ಕಡೆ ತಿರುಗಿದರು. ಅವನು ಅಕ್ಕನನ್ನು ನೋಡಿದ, ದಾಜಿಯನ್ನು ನೋಡಿದ, ಆಮೇಲೆ ಪ್ಲಾಸ್ಟರಿನೊಳಗಿನ ಕಾಲನ್ನು ನೋಡಿದ. ಕಣ್ಣು ಮುಚ್ಚಿ ಹೇಳಿದ:

“ಹೊತ್ತು ಅಕ್ಕನ ಹೇಳಿದ್ಳವ್ವಾ. ಮಧ್ಯಾಹ್ನ ಅಂದಿದ್ಳು.”

ಗಂಗುಬಾಯಿ ಮಗಳ ಹತ್ತಿರ ನಿಂತಿದ್ದವಳು ಹಾಸಿಗೆಯ ಆ ಬದಿಗೆ ಹೋಗಿ ನಿಂತಳು.

ಪ್ಲಾಸ್ಟರು ಬಿಚ್ಚಿದ ಮೇಲೆ ಶಾಂತಲಿಂಗಪ್ಪ ಮೈದುನನನ್ನು ಅಂಗಡಿಯಲ್ಲೇ ಇಟ್ಟುಕೊಂಡ. ಕಾಲು ಚಾಚಿ ಒಂದು ಮೂಲೆಯಲ್ಲಿ ಕೂತು ನಾಗಣ್ಣ ಚಾದರ ಮಡಚುತ್ತಿದ್ದ. ಬಂದ ಗಿರಾಕಿಗಳೆಲ್ಲ, ಹೆಂಡತಿಯ ತಮ್ಮನನ್ನು ಸಾಕುತ್ತಿರುವ ಶೇಟಜಿಯ ದೊಡ್ಡತನ ಹೊಗಳಿ ಹೋಗುತ್ತಿದ್ದರು. ಓಣಿಯ ಹೆಂಗಸರು ಗಿರಿಜಾಬಾಯಿಯ ಮುಂದೆ ಮಾತು ನಿಲ್ಲಿಸುವುದನ್ನು ಕಲಿತರು. ತವರಿಗೆ ಹೋದರೆ ತಾಯಿ ಊಟಕ್ಕೆ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಅವಳು ಒಂದೆರಡು ಸಲ ನಾಗಣ್ಣನನ್ನು ಒಬ್ಬನೇ ಹಿಡಿಯಲು ನೋಡಿದಳು. ಅವನು ಕುಂಟುತ್ತಲೇ ಹಿತ್ತಿಲಿಗೆ ಹೋಗಿಬಿಡುತ್ತಿದ್ದ. ಒಂದು ಸಲ ಮಾತ್ರ ಗೋಡೆಗೆ ಕೈಯೂರಿ ನಿಂತು, ಅವಳ ಕಡೆ ನೋಡದೆ ಹೇಳಿದ:

“ದಾಜಿ ಕೈಬಿಟ್ರ ನಾ ಎಲ್ಲಿಗೆ ಹೋಗ್ಲಿ ಅಕ್ಕಾ? ನಿನಗ ಮನಿ ಐತಿ. ನನಗ ಈ ಕಾಲ್ ಬಿಟ್ರ ಏನೈತಿ?”

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದಿದ್ದರೆ ಹಗುರಾಗುತ್ತಿತ್ತು. ಅವನು ಹೇಳಿದ್ದು ನಿಜವೆಂದು ತಿಳಿದು ಒಳಗೇ ಕಹಿಯಾಯಿತು.

ಮರುವರ್ಷ ಭಾದ್ರಪದದಲ್ಲಿ ಭಿಕಾಜಿ ಬಂದ. ಗಿರಿಜಾಬಾಯಿ ಅಕ್ಕಲಕೋಟಕ್ಕೆ ಹೋದಾಗ ಅವನು ಕಟ್ಟೆಯ ಮೇಲೆ ಕೂತಿದ್ದ. ವರ್ಷದಲ್ಲೇ ಮುದುಕನಾಗಿದ್ದ. ಅವಳನ್ನು ಕಂಡು ಎದ್ದು ನಿಂತ.

“ನಾನು ಬೇಡ ಅಂದೆ, ತಾಯಿ” ಎಂದ. “ಖಾಡಿಯ ಬಾಯಿಗೆ ಹೋದಾಗ ಸೂರ್ಯ ನೆತ್ತಿಯ ಮೇಲಿದ್ದ. ದಿಬ್ಬದ ಮೇಲೆ ತೆರೆ ಬಿಳಿಯಾಗಿ ಒಡೆಯುತ್ತಿತ್ತು. ಸಂಜೆಯ ತನಕ ನಿಲ್ಲೋಣ ಅಂದೆ. ನಿಮ್ಮ ತಮ್ಮನೂ ಅಂದ, ಅಕ್ಕ ಹಾಗೇ ಹೇಳಿದ್ದಾಳೆ ಅಂತ. ಶೇಟಜಿ ಕೇಳಲಿಲ್ಲ. ದಂಡೆಯಲ್ಲಿ ಯಾವನೋ ವ್ಯಾಪಾರಿಯ ಮನೆಯಲ್ಲಿ ಊಟಕ್ಕೆ ಹೇಳಿಟ್ಟಿದ್ದರಂತೆ, ತಡವಾದರೆ ಮರ್ಯಾದೆ ಹೋಗುತ್ತದಂತೆ. ಹೆಂಗಸು ಪಂಚಾಂಗ ನೋಡಿ ಹೇಳಿದ್ದಕ್ಕೆಲ್ಲ ನಾನು ಬಿಸಿಲಲ್ಲಿ ಕೂರಲೇ ಅಂದರು. ಮುಂದೆ ಕೂತಿದ್ದ ಆ ಇಬ್ಬರಿಗೆ ಎಂಜಿನ್ನಿನ ಸದ್ದಿನಲ್ಲಿ ಇದು ಯಾವುದೂ ಕೇಳಲಿಲ್ಲ. ಚುಕ್ಕಾಣಿ ನನ್ನ ಕೈಯಲ್ಲಿತ್ತು. ನಾನು ತಿರುಗಿಸಿಬಿಡಬೇಕಿತ್ತು. ತಿರುಗಿಸಲಿಲ್ಲ.”

ಬಾಗಿಲ ಒಳಗೆ ಗಂಗುಬಾಯಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿತ್ತು. ಮೊರದ ಮೇಲೆ ಅವಳ ಕೈ ನಿಂತಿತು.

“ಸೊಲ್ಲಾಪುರಕ್ಕೆ ಬರುತ್ತೇನೆ” ಎಂದ ಭಿಕಾಜಿ. “ಆ ಇಬ್ಬರು ಗೆಳೆಯರ ಮುಂದೆ, ಬೇಕಾದರೆ ನಿಮ್ಮ ಪೇಟೆಯ ಮುಂದೆ, ಇದನ್ನೇ ಹೇಳುತ್ತೇನೆ.”

ಗಿರಿಜಾಬಾಯಿ ಒಳಗೆ ಬಂದು ತಾಯಿಯ ಎದುರು ಕೂತಳು. ವರ್ಷದಿಂದ ಈ ಗಳಿಗೆಗಾಗಿಯೇ ಕಾದಿದ್ದಳು. ತಾಯಿ ತನ್ನನ್ನು ಹತ್ತಿರ ಎಳೆದುಕೊಳ್ಳುತ್ತಾಳೆ, ತಪ್ಪಾಯಿತು ಎನ್ನುತ್ತಾಳೆ, ಎರಡು ಹನಿ ಕಣ್ಣೀರಾದರೂ ಹಾಕುತ್ತಾಳೆ ಎಂದುಕೊಂಡಿದ್ದಳು.

“ಕೇಳಿದ್ಯಾ ಅವ್ವಾ?”

“ಕೇಳ್ದೆ.” ಗಂಗುಬಾಯಿ ಅಕ್ಕಿಯೊಳಗಿನ ಕಲ್ಲೊಂದನ್ನು ಆರಿಸಿ ಬದಿಗಿಟ್ಟಳು. “ಆವತ್ತ ದವಾಖಾನ್ಯಾಗ ನಾಗ್ಯಾನ ಮಾರಿ ನೋಡಿದಾಗ್ಲೇ ನನಗ ತಿಳೀತು, ಅಂವ ಸುಳ್ಳ ಹೇಳಾಕತ್ತಾನ ಅಂತ.”

“ತಿಳಿದೂ ಸುಮ್ನಿದ್ದ್ಯಾ?”

“ಮತ್ತೇನ್ ಮಾಡ್ಲಿ? ಕುಂಟ ಹುಡುಗ. ಯಾರ್ ಕೆಲಸ ಕೊಡ್ತಾರ, ಯಾರ್ ಹೆಣ್ಣ ಕೊಡ್ತಾರ? ನಿನ್ನ ಗಂಡನ ಮಾನ ಹ್ವಾದ್ರ ಅಂವ ನಾಗ್ಯಾನ್ನ ಇಟ್ಕೋತಾನೇನು? ಆ ಮುದುಕಗ ಹೇಳು, ಬಾಯಿ ಮುಚ್ಕೊಂಡು ದರ್ಶನ ಮಾಡಿ ಊರಿಗೆ ಹೋಗಂತ. ನೀ ಗಟ್ಟಿ ಅದಿ, ಗಿರಿಜಾ. ನೀ ಹೊರ್ತಿ.”

ಗಿರಿಜಾಬಾಯಿ ಹೊರಗೆ ಬಂದು, ತಾನು ಹೇಳುವ ತನಕ ಅಕ್ಕಲಕೋಟದಲ್ಲೇ ಇರಬೇಕೆಂದು ಭಿಕಾಜಿಗೆ ಹೇಳಿದಳು. ಅವನು ಒಪ್ಪಿದ. “ಒಂದು ಸಲ ನೀವೇ ದೇವಗಡಕ್ಕೆ ಬನ್ನಿ, ತಾಯಿ. ಹುಣ್ಣಿಮೆ ನೋಡಿ ಕರೆದೊಯ್ಯುತ್ತೇನೆ” ಎಂದ. ಅವಳು ತಲೆ ಅಲ್ಲಾಡಿಸಿದಳು. ಸಮುದ್ರ ನೋಡುವ ಆಸೆ ಅವಳಲ್ಲಿ ಉಳಿದಿರಲಿಲ್ಲ.

ಆ ದಿನಗಳಲ್ಲಿ ಶಾಂತಲಿಂಗಪ್ಪನ ಹೆಸರು ವ್ಯಾಪಾರಿ ಮಂಡಳದ ಅಧ್ಯಕ್ಷತೆಗೆ ಬಂದಿತ್ತು. ಅವನ ಹೆಸರು ಎತ್ತಿ ಓಡಾಡುತ್ತಿದ್ದವರು ಮಲಕಾಜಪ್ಪ ಮತ್ತು ರಾಚಪ್ಪ. ಸೊಲ್ಲಾಪುರಕ್ಕೆ ಮರಳಿದ ಮರುದಿನ ಬೆಳಿಗ್ಗೆ ಚಹಾ ಕೊಟ್ಟು ಗಿರಿಜಾಬಾಯಿ ಗಂಡನ ಎದುರಿಗೇ ಕೂತಳು.

“ಭಿಕಾಜಿ ಬಂದಾನ.”

ಅವನ ಬಸಿ ತುಟಿಯ ಹತ್ತಿರ ನಿಂತಿತು. “ಏನಂತ?”

“ಮಲಕಾಜಪ್ಪಣ್ಣಗ, ರಾಚಪ್ಪಣ್ಣಗ ಭೆಟ್ಟಿ ಆಗ್ತೀನಿ ಅಂತಾನ. ಎಂಜಿನ್ ಸಪ್ಪಳದಾಗ ಅವರಿಗೆ ಕೇಳದ್ದನ್ನ ಕೇಳಸ್ತಾನಂತ.”

“ನೀ ಏನಂದಿ?”

“ನಿಲ್ಲು ಅಂದೀನಿ. ನೀವು ಅಕ್ಕಲಕೋಟದಾಗ ಒಂದು ಚಾದರದ ಅಂಗಡಿ ತೆಗೀರಿ. ನಾಗಣ್ಣನ ಹೆಸರಿಲೆ. ಲೈಸನ್ ಅವನ ಹೆಸರಿಲೆ, ಜಾಗಾ ಅವನ ಹೆಸರಿಲೆ. ನಾಳೆ ನಿಮ್ಮ ಮನಸ್ಸು ತಿರುಗಿದ್ರೂ ಅಂವ ಬೀದಿಗೆ ಬೀಳಬಾರದು.”

“ಇಲ್ಲಂದ್ರ?”

“ಇಲ್ಲಂದ್ರ ಭಿಕಾಜಿ ನಾಳೆ ಬಸ್ಸಿಗೆ ಬರ್ತಾನ.”

ಶಾಂತಲಿಂಗಪ್ಪ ಬಸಿಯನ್ನು ಕೆಳಗಿಟ್ಟ. ಅವನು ಕೂಗಾಡುತ್ತಾನೆ ಎಂದುಕೊಂಡಿದ್ದಳು, ಕೂಗಾಡಲಿಲ್ಲ. ಪೇಟೆಯಲ್ಲಿ ಎದುರಿನ ವ್ಯಾಪಾರಿಯನ್ನು ತೂಗಿ ನೋಡುವ ಹಾಗೆ ಅವಳನ್ನು ನೋಡಿದ.

“ಮತ್ತ ಆ ತಪ್ಪು?” ಎಂದು ಕೇಳಿದ.

“ತಪ್ಪು ನನ್ನ ಹಂತ್ಯಾಕ ಇರ್ಲಿ. ಒಂದ್ ವರ್ಷದಿಂದ ಇಟ್ಕೊಂಡೀನಿ.”

“ನಾಗಣ್ಣಗ?”

“ಅವಗ ಹೇಳಬ್ಯಾಡ್ರಿ. ನೀವ ಕೊಟ್ರಿ ಅಂತ ತಿಳಕೊಳ್ಲಿ.”

ಅವನು ನಕ್ಕ. “ನೀ ಚಾಟಿ ಗಲ್ಲ್ಯಾಗ ಕುಂತಿದ್ರ ನಮ್ಮನ್ನೆಲ್ಲಾ ಮಾರಿ ಬರ್ತಿದ್ದಿ.” ಆ ಮಾತಿನಲ್ಲಿ ಮೆಚ್ಚುಗೆಯಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನಿಗೆ ತನ್ನ ಮೇಲೆ ನಿಜವಾಗಿ ಗೌರವ ಬಂದದ್ದು ಇಂಥ ದಿನವೇ ಎಂದು ಅವಳಿಗೆ ಅಸಹ್ಯವಾಯಿತು. ಬಸಿ, ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ದೀಪಾವಳಿ ಪಾಡ್ಯದ ದಿನ ಅಕ್ಕಲಕೋಟದ ಪೇಟೆಯಲ್ಲಿ ಅಂಗಡಿಯ ಪೂಜೆಯಾಯಿತು. ಸೊಲ್ಲಾಪುರದಿಂದ ಹತ್ತಾರು ಜನ ಬಂದಿದ್ದರು. ವ್ಯಾಪಾರಿ ಮಂಡಳದ ಹೊಸ ಅಧ್ಯಕ್ಷ ಶಾಂತಲಿಂಗಪ್ಪ ತಲೆಗೆ ಕೋಸಾ ರೇಷ್ಮೆಯ ಪಟಗಾ ಸುತ್ತಿಕೊಂಡು ನಡುವೆ ನಿಂತು ಮಾತಾಡಿದ. ಆದದ್ದು ಆಗಿಹೋಯಿತು, ಹೆಣ್ಣುಮಕ್ಕಳ ಮಾತಿಗೆ ಕಿವಿಗೊಟ್ಟು ಒಂದು ಸಲ ಮೋಸಹೋದೆವು, ಆದರೆ ಮೈದುನನ ಕೈ ನಾನು ಬಿಡಲಿಲ್ಲ ಎಂದ. ಜನ ತಲೆದೂಗಿದರು. ನಾಗಣ್ಣ ಮಡಚದ ಕಾಲನ್ನು ಒಂದು ಬದಿಗೆ ಚಾಚಿ, ಎರಡೂ ಕೈ ನೆಲಕ್ಕೂರಿ, ಕಷ್ಟಪಟ್ಟು ಬಗ್ಗಿ ದಾಜಿಯ ಪಾದ ಮುಟ್ಟಿದ. ಗಂಗುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗದ್ದಲ ಕಡಿಮೆಯಾದ ಮೇಲೆ ಗಿರಿಜಾಬಾಯಿ ಹೊರಡಲು ಎದ್ದಳು. ನಾಗಣ್ಣ ಗಾದಿಯ ಮೇಲಿಂದಲೇ ಕರೆದ. ವರ್ಷದ ಮೇಲೆ ಅವನು ಅವಳ ಮುಖ ನೋಡಿ ಮಾತಾಡಿದ್ದು ಆಗಲೇ. ಮುಖದಲ್ಲಿ ಗೆಲುವಿತ್ತು.

“ಅಕ್ಕಾ, ದಾಜಿ ಮನಸ್ಸು ಭಾಳ ದೊಡ್ಡದು ನೋಡು. ನೀ ಸುಮ್ನ ಅವರ ಮ್ಯಾಲೆ ಸಿಟ್ಟ ಇಟ್ಕೋಬ್ಯಾಡ. ನಿನ್ನ ಮ್ಯಾಲೂ ಅವರಿಗೇನೂ ಇಲ್ಲ. ಎಲ್ಲಾ ಮರ್ತಾರ.”

ಗಿರಿಜಾಬಾಯಿ ಅವನ ಹಣೆಯ ಮೇಲೆ ಕರಗಿ ಇಳಿದಿದ್ದ ಕುಂಕುಮವನ್ನು ಬೆರಳಿನಿಂದ ಒರೆಸಿದಳು.

“ಹೌದಪಾ” ಎಂದಳು. “ಅಂಗಡಿ ಛಂದ ನಡಸ್ಕೊಂಡು ಹೋಗು.”

ಸೊಲ್ಲಾಪುರಕ್ಕೆ ಹೋಗುವ ಕಾರಿನಲ್ಲಿ ಗಂಡನ ಪಕ್ಕದ ಜಾಗ ಖಾಲಿಯಿತ್ತು. ಅವಳು ಅದರತ್ತ ಹೋಗದೆ, ಎಂದಿನ ಬಸ್ಸು ಹತ್ತಲು ಬಸ್ ಸ್ಟ್ಯಾಂಡಿನ ಹಾದಿ ಹಿಡಿದಳು.